ರಾಮನವಮಿಗೆ ಇಳಿದುಕೊಂಡ ಮನೆ

ಅತ್ತೆಯ ಬಲಗಿವಿ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಎಡಗಿವಿಯೂ ಮಂದವಾಗುತ್ತಿದೆ ಎಂದು ಗೊತ್ತಾದಾಗ ಅಪ್ಪ ಅವಳನ್ನು ಶಹಾಬಾದಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದರು. ನಾನೂ ಜೊತೆಗಿದ್ದೆ. ಡಾಕ್ಟರು ಅವಳ ಕಿವಿಯ ಹತ್ತಿರ ಗಡಿಯಾರ ಹಿಡಿದರು, ದೂರ ಒಯ್ದರು, ಮತ್ತೆ ಹತ್ತಿರ ತಂದರು. ಆಮೇಲೆ ನಮ್ಮ ಕಡೆ ತಿರುಗಿ, ದನಿ ತಗ್ಗಿಸಿ, ಇನ್ನೊಂದು ವರ್ಷ ಕೇಳಿಸಬಹುದು, ಅದಕ್ಕಿಂತ ಹೆಚ್ಚಿಗೆ ಹೇಳಲಾರೆ ಎಂದರು. ದನಿ ತಗ್ಗಿಸುವ ಅಗತ್ಯವೇನೂ ಇರಲಿಲ್ಲ.

ವಾಡಿ ಸ್ಟೇಷನ್ನಿನಲ್ಲಿ ಸೇಡಂ ಗಾಡಿಗೆ ಕಾಯುತ್ತ ಕೂತಿದ್ದಾಗ ಅತ್ತೆ ಅಪ್ಪನನ್ನು ಕೇಳಿದಳು.

"ಎಷ್ಟು ದಿನ ಅಂದ್ರು?"

"ಔಷಧ ಕೊಟ್ಟಾರ ಅಕ್ಕಾ. ದಿನಾ ಎರಡು ಹನಿ ಹಾಕ್ಕೋಬೇಕಂತ."

"ಔಷಧದ ಮಾತು ಬಿಡು. ಎಷ್ಟು ದಿನ?"

ಅಪ್ಪ ಹೇಳಿದರು. ಅತ್ತೆ ಸೆರಗಿನಿಂದ ತಲೆಯನ್ನು ಇನ್ನಷ್ಟು ಮುಚ್ಚಿಕೊಂಡು ಎದುರಿನ ಗೂಡ್ಸ್ ಗಾಡಿಯಲ್ಲಿ ಪೇರಿಸಿದ್ದ ಹಾಸುಗಲ್ಲುಗಳನ್ನು ನೋಡುತ್ತ ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ಹಂಗಿದ್ರ ಪ್ಲೇಟಿನ್ಯಾಗ ಹಾಡೂ ಆ ಗವಾಯಿನ್ನ ಒಮ್ಮೆ ಎದುರಿಗೆ ಕೂತು ಕೇಳಬೇಕು," ಅಂದಳು. ಅವಳು ತನಗಾಗಿ ಏನನ್ನಾದರೂ ಬೇಕೆಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅತ್ತೆ ಅಪ್ಪನ ಅಕ್ಕ. ಒಂಬತ್ತನೆಯ ವರ್ಷಕ್ಕೆ ಮದುವೆಯಾಗಿ ಹನ್ನೆರಡಕ್ಕೆ ಗಂಡನನ್ನು ಕಳೆದುಕೊಂಡವಳು. ಗಂಡನ ಮನೆಯಲ್ಲಿ ಅವಳು ಇದ್ದದ್ದು ಒಟ್ಟು ನಾಲ್ಕೋ ಐದೋ ತಿಂಗಳು. ಆಮೇಲೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ತವರಿಗೆ ಕಳಿಸಿದರು. ಸೇಡಮಿನ ನಮ್ಮ ಮನೆಯಲ್ಲಿ ಅಡಿಗೆ, ದೇವರ ಪಾತ್ರೆ, ಹೂಬತ್ತಿ ಎಲ್ಲ ಅವಳವೇ. ಅಪ್ಪ ಶಾಲಾ ಮಾಸ್ತರರು. ಅವ್ವ ತೀರಿಕೊಂಡಾಗ ನಾನು ಆರು ವರ್ಷದವಳು. ನನ್ನನ್ನು ಬೆಳೆಸಿದವಳು ಅತ್ತೆಯೇ. ಹುಡುಗಿಗೆ ಕಾಲೇಜು ಬೇಡ ಎಂದು ಊರೆಲ್ಲ ಅಂದಾಗ ಹೈದರಾಬಾದಿಗೆ ಕಳಿಸಲೇಬೇಕು ಎಂದು ಅಪ್ಪನ ಜೊತೆ ಜಗಳವಾಡಿದವಳೂ ಅವಳೇ.

ನಮ್ಮ ಹಿತ್ತಲ ಗೋಡೆಯಾಚೆ ಹಾಸುಗಲ್ಲಿನ ವ್ಯಾಪಾರಿಯೊಬ್ಬರ ಮನೆಯಿತ್ತು. ಅವರು ಗ್ರಾಮಫೋನು ತಂದಿದ್ದರು. ಮಧ್ಯಾಹ್ನ ಅಲ್ಲಿ ಪ್ಲೇಟು ಹಾಕಿದರೆ ಅತ್ತೆ ಹತ್ತಿಯ ಬುಟ್ಟಿ ತೆಗೆದುಕೊಂಡು ಹಿತ್ತಲ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಹಾಡು ಕಲಿತವಳಲ್ಲ. ಆದರೆ ಎರಡು ಸಲ ಕೇಳಿದ್ದನ್ನು ಮರೆಯುತ್ತಿರಲಿಲ್ಲ, ಒಂದು ಹಾಡಿನ ನೆರಳು ಇನ್ನೊಂದರಲ್ಲಿ ಸುಳಿದರೂ ಹಿಡಿದುಬಿಡುತ್ತಿದ್ದಳು. ನನಗೆ ಆ ಕಿವಿ ಬರಲಿಲ್ಲ. ನನಗೆ ಮಾತು ತಿಳಿಯುತ್ತದೆ, ಸ್ವರ ತಿಳಿಯುವುದಿಲ್ಲ. ಧಾರವಾಡದ ಕಡೆಯ ಆ ಗವಾಯಿಯ ಎರಡು ಪ್ಲೇಟುಗಳು ಆ ಮನೆಯಲ್ಲಿದ್ದವು. ಒಂದೊಂದು ಹಾಡೂ ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ಮುಗಿದಾಗೆಲ್ಲ ಅತ್ತೆ ಸಿಡುಕುತ್ತಿದ್ದಳು: "ಈಗ ಬಾಗಲಾ ತಗದಾನ, ಅಷ್ಟರಾಗ ಹಾಕಿಬಿಟ್ರು. ಒಳಗೇನದ ಯಾರಿಗೆ ಗೊತ್ತು?"

ನಾನು ಕಾಲೇಜು ಮುಗಿಸಿ ಊರಿಗೆ ಮರಳಿದ್ದ ಆ ವರ್ಷ ಮಾಘದಲ್ಲಿ ನನ್ನ ಕಾಲೇಜಿನ ಗೆಳತಿ ಹೈದರಾಬಾದಿನಿಂದ ಪತ್ರ ಬರೆದಳು. ರಾಮನವಮಿಗೆ ಸುಲ್ತಾನ್ ಬಜಾರಿನ ವಾಚನಾಲಯವೊಂದರ ಅಂಗಳದಲ್ಲಿ ಅದೇ ಗವಾಯಿ ಹಾಡಲಿದ್ದಾರೆ, ಸಂಜೆ ನಾಲ್ಕಕ್ಕೆ ಶುರು, ಹೆಂಗಸರಿಗೆ ಬಿದಿರುಕಡ್ಡಿಯ ಚಿಕ್ಕಿನ ಪರದೆಯ ಹಿಂದೆ ಬೇರೆ ಜಾಗವಿದೆ. ಅತ್ತೆಯ ಸಂಗೀತದ ಹುಚ್ಚನ್ನು ನಾನು ಅವಳಿಗೆ ಒಮ್ಮೆ ಹೇಳಿದ್ದೆ. ಅತ್ತೆ ಹೇಗಿದ್ದಾಳೆ, ಏನು ಉಡುತ್ತಾಳೆ ಎಂಬುದನ್ನು ಹೇಳಿರಲಿಲ್ಲ. ನಮ್ಮ ಮನೆಯ ಸಂಗತಿಗಳನ್ನು ನಾನು ಕಾಲೇಜಿನಲ್ಲಿ ಯಾರೊಂದಿಗೂ ಆಡುತ್ತಿರಲಿಲ್ಲ. ಪತ್ರದ ಕೊನೆಯಲ್ಲಿ ಗೆಳತಿ ಬರೆದಿದ್ದಳು: ನೀವಿಬ್ಬರೂ ನಮ್ಮ ಮನೆಯಲ್ಲೇ ಇಳಿದುಕೊಳ್ಳಿ. ವಾಚನಾಲಯದ ಹಿಂದಿನ ಗೋಡೆಯೇ ನಮ್ಮ ಅಂಗಳದ ಗೋಡೆ. ನಮ್ಮ ಅಜ್ಜಿ ಇದ್ದ ಹಿಂದಿನ ಕೋಣೆ ಖಾಲಿ ಇದೆ, ಅದಕ್ಕೆ ಬೇರೆ ಒಲೆ, ಬೇರೆ ಬಾವಿ ಇವೆ, ನಮ್ಮ ಕಡೆಯವರು ಯಾರೂ ಆ ಕಡೆ ಬರುವುದಿಲ್ಲ.

ಗೆಳತಿಯವರು ಕಾಯಸ್ಥರು. ಮನೆಯಲ್ಲಿ ಉರ್ದು ಆಡುವವರು, ಮಾಂಸ ತಿನ್ನುವವರು. ನಾವು ಮಡಿ ಹಿಡಿಯುವ ವೈಷ್ಣವರು. ಎಲ್ಲಿ ಇಳಿದುಕೊಳ್ಳಬೇಕೆಂಬ ಮಾತು ನಮ್ಮ ಮನೆಯಲ್ಲಿ ಎಂಟು ದಿನ ನಡೆಯಿತು.

ಅಪ್ಪ ಮೊದಲು ಮಠ ಅಂದರು. ಹಳೆಯ ಶಹರದಲ್ಲಿ ನಮ್ಮ ಮಠವಿದೆ, ಮಡಿಗೆ ಚಿಂತೆಯಿಲ್ಲ.

"ಮಠದ ಬಾಗಲಾ ಎಷ್ಟೊತ್ತಿಗೆ ಹಾಕ್ತಾರ?" ಅತ್ತೆ ಕೇಳಿದಳು.

"ದೀಪ ಹಚ್ಚೂದ್ರಾಗ."

"ಅಂದ್ರ ಹಾಡು ನಡದಾಗ ಎದ್ದು ಓಡಬೇಕು. ಗೋಡಿ ಹಾರಿ ಬಂದೆವಂದ್ರ ಸ್ವಾಮಿಗಳು ಮುದ್ರಿ ಹಾಕ್ತಾರೋ, ಬರಿ ಹಾಕ್ತಾರೋ?"

ಅಪ್ಪ ನಕ್ಕು ಮಠ ಬಿಟ್ಟರು. ಸ್ಟೇಷನ್ನಿನ ಹತ್ತಿರದ ಧರ್ಮಶಾಲೆಯ ಮಾತು ಬಂತು.

"ಅಲ್ಲಿ ತಗಣಿ ಭಾಳ ಅವ ಅಕ್ಕಾ. ನಾನು ಒಂದು ರಾತ್ರಿ ಇದ್ದು ನೋಡೀನಿ."

"ಏಕಾದಶಿ ದಿನನೂ ಕಡೀತಾವೇನು?"

ಉಳಿದದ್ದು ಎರಡು ಮನೆ. ಒಂದು ಗೆಳತಿಯದು. ಇನ್ನೊಂದು ಹಳೆಯ ಶಹರದ ಶಾಲಿಬಂಡೆಯಲ್ಲಿದ್ದ ಅತ್ತೆಯ ಮೈದುನನದು. ಅವರು ಒಂದು ದಫ್ತರಿನಲ್ಲಿ ಕಾರಕೂನರು. ಅತ್ತೆಯನ್ನು ಹತ್ತಾರು ವರ್ಷಕ್ಕೊಮ್ಮೆ ಯಾವುದೋ ಮದುವೆಯಲ್ಲಿ ನೋಡಿದವರು. ಆದರೆ ಮರ್ಯಾದಸ್ಥರು, ಮಡಿವಂತರು.

"ಆ ಪೋರಿ ಮನೀಗೇ ಹೋಗೂಣಲ್ಲ," ಅತ್ತೆ ಅಂದಳು. "ಬ್ಯಾರೆ ಒಲಿ, ಬ್ಯಾರೆ ಬಾವಿ ಅಂತ ಬರದಾಳ. ನನಗ ಅಷ್ಟು ಸಾಕು. ನಮ್ಮ ಮಡಿ ಧಾಬಳಿ ನಾವು ಒಯ್ತೀವಿ, ನಮ್ಮ ಅಡಗಿ ಪಾತೇಲಿ ನಾವು ಒಯ್ತೀವಿ. ಗೋಡಿ ಆಚೀಚೆ ಅಂದ್ರ ಅಂವ ತಂಬೂರಿ ಕೂಡ್ಸೂದೂ ಕೇಳ್ತದ."

ಅಪ್ಪ ಒಪ್ಪಿಯೂ ಒಪ್ಪದೆಯೂ ನನ್ನ ಮುಖ ನೋಡಿದರು. "ನೀ ಏನಂತಿ? ನಿನ್ನ ಗೆಳತಿ, ನಿನಗ ಗೊತ್ತು."

ಅಂದರೆ ಆಯ್ಕೆ ನನ್ನದಾಯಿತು.

ಆಗ ನನ್ನ ಮನಸ್ಸಿನಲ್ಲಿದ್ದದ್ದನ್ನು ಇದ್ದಂತೆಯೇ ಬರೆಯುತ್ತೇನೆ. ಗೆಳತಿಯ ಮನೆಯ ದಿವಾನಖಾನೆ ನನ್ನ ಕಣ್ಣ ಮುಂದೆ ಬಂತು. ಅಲ್ಲಿನ ಕುರ್ಚಿಗಳು, ಅವಳ ಅಣ್ಣಂದಿರು, ಅವಳ ತಾಯಿಯ ರೇಷ್ಮೆಯಂಥ ಉರ್ದು. ಆ ಬಾಗಿಲಲ್ಲಿ ಬೋಳುತಲೆಯ ಮೇಲೆ ಕೆಂಪು ಸೀರೆ ಹೊದ್ದು, ಕಂಕುಳಲ್ಲಿ ಪಾತೇಲಿ ಹಿಡಿದು ನಿಂತ ನಮ್ಮ ಅತ್ತೆ. ಅವರು ನಗುತ್ತಿರಲಿಲ್ಲ. ಅವರು ನಗುವ ಜನ ಅಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅವರು ನೋಡುವುದು ನನಗೆ ಬೇಡವಾಗಿತ್ತು.

"ಅಲ್ಲಿ ಮಡಿ ಆಗೂದಿಲ್ಲ," ಅಂದೆ. "ಬಾವಿ ಹತ್ರನೇ ಅವರ ಅಡಗಿಮನಿ ಅದ. ಮೈದುನರ ಮನೀನೇ ಛಲೋ."

ಬಾವಿ ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ. ಆ ಮನೆಯ ಹಿಂದಿನ ಭಾಗವನ್ನು ನಾನು ನೋಡಿರಲೇ ಇಲ್ಲ. ಅತ್ತೆ ನನ್ನನ್ನು ಒಂದು ಗಳಿಗೆ ನೋಡಿ, "ಹಂಗಿದ್ರ ಶಾಲಿಬಂಡಾನೇ ಆಗಲಿ. ನಾ ಕೇಳಲಿಕ್ಕೆ ಹೊಂಟೀನಿ, ಇರಲಿಕ್ಕಲ್ಲ," ಅಂದಳು. ಅಪ್ಪ ಅಂದೇ ಶಾಲಿಬಂಡೆಗೆ ಕಾರ್ಡು ಬರೆದರು. ಗೆಳತಿಗೆ ನಾನು ಬರೆದದ್ದು ಎರಡೇ ಸಾಲು: ನೆಂಟರ ಮನೆಯಲ್ಲಿ ಇಳಿದುಕೊಳ್ಳುತ್ತೇವೆ, ಸಭೆಯಲ್ಲಿ ಸಿಗುತ್ತೇವೆ.

ಶಾಲೆಯ ಪರೀಕ್ಷೆ ನಡೆದಿದ್ದರಿಂದ ಅಪ್ಪ ಬರಲಿಲ್ಲ. ಸೇಡಂ ಸ್ಟೇಷನ್ನಿನಲ್ಲಿ ನಮ್ಮಿಬ್ಬರನ್ನು ಜನಾನಾ ಡಬ್ಬಿಗೆ ಹತ್ತಿಸಿದರು. ಗಾಡಿಯಲ್ಲಿ ಅತ್ತೆ ನೀರೂ ಮುಟ್ಟುವುದಿಲ್ಲ. ತಾಂಡೂರು ದಾಟಿದ ಮೇಲೆ ತುಟಿಗಳು ಒಣಗಿ ಬಿಳುಪಾಗಿದ್ದವು, ಆದರೆ ಅವಳು ಖುಷಿಯಾಗಿದ್ದಳು. ಚಿತ್ತಾಪುರದಿಂದ ಬರುತ್ತಿದ್ದ ಹೆಂಗಸೊಬ್ಬಳು, "ಎಲ್ಲಿಗೆ ಹೊಂಟೀರವ್ವಾ, ಯಾತ್ರಾಕ್ಕೇನು?" ಎಂದು ಕೇಳಿದಾಗ, "ಹೂಂ, ಯಾತ್ರಾನೇ. ಕಿವೀದು," ಅಂದಳು. ಆ ಹೆಂಗಸು ಏನು ತಿಳಿದಳೋ, ಕಿವಿನೋವಿಗೆ ಬೆಳ್ಳುಳ್ಳಿ ಎಣ್ಣೆ ಒಳ್ಳೆಯದು ಎಂದು ವಿಕಾರಾಬಾದಿನವರೆಗೂ ಹೇಳುತ್ತಲೇ ಇದ್ದಳು.

ಮೈದುನರು ಸ್ಟೇಷನ್ನಿಗೆ ಬಂದಿದ್ದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. "ಬರ್ರಿ ವೈನಿ," ಎಂದು ಟಾಂಗಾ ಹತ್ತಿಸಿದರು. ಅವರ ಹೆಂಡತಿ ನಮಗಾಗಿ ಹಿಂದಿನ ಪಡಸಾಲೆ ಸಾರಿಸಿ ರಂಗೋಲಿ ಹಾಕಿದ್ದರು. ಎರಡು ದಿನ ನಮ್ಮನ್ನು ನೋಡಿಕೊಂಡ ರೀತಿಯಲ್ಲಿ ಒಂದು ಕೊರತೆಯನ್ನೂ ನಾನು ಹೇಳಲಾರೆ. ನವಮಿಯ ದಿನ ನಾಲ್ವರೂ ಕೂಡಿ ಸುಲ್ತಾನ್ ಬಜಾರಿಗೆ ಹೋಗುವುದೆಂದು, ಮೂರು ಗಂಟೆಗೆ ಟಾಂಗಾ ಬರಲು ಹೇಳಿಯಾಗಿತ್ತು.

ನವಮಿಯ ಬೆಳಿಗ್ಗೆ ಮನೆಯಲ್ಲಿ ಪಾನಕ, ಕೋಸಂಬರಿಯ ತಯಾರಿ ನಡೆದಿತ್ತು. ಮಧ್ಯಾಹ್ನ ರಾಮ ಹುಟ್ಟುವ ಹೊತ್ತಿಗೆ ನೈವೇದ್ಯ. ಅತ್ತೆ ಮಡಿಯುಟ್ಟು ಸೌತೆಕಾಯಿ ಹೆಚ್ಚುತ್ತಿದ್ದಳು. ಹೊರಗೆ ಟಪಾಲಿನವನು ಬಂದ. ಮೈದುನರು ಬಾಗಿಲಲ್ಲಿ ನಿಂತೇ ಕಾರ್ಡು ಓದಿದರು, ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯಿಂದಲೇ ಹೆಂಡತಿಯನ್ನು ಕರೆದರು.

"ಚಿಂಚೋಳಿ ಕಾಕಾ ಹೋದ್ರಂತ. ಇವತ್ತಿಗೆ ಆರು ದಿನ. ಇನ್ನ ನಾಕು ದಿನ ಸೂತಕ ಅದ. ವೈನಿಗೂ ಅದ."

ನಮ್ಮಲ್ಲಿ ಹೆಂಗಸಿಗೆ ಗಂಡನ ಕುಲದ ಸೂತಕ. ದಾಯಾದಿಯ ಮನೆಯಲ್ಲಿ ಯಾರು ಸತ್ತರೂ ಹತ್ತು ದಿನ ದೇವರನ್ನು ಮುಟ್ಟುವಂತಿಲ್ಲ, ನಾಲ್ಕು ಜನರ ನಡುವೆ ಹೋಗಿ ಕೂರುವಂತಿಲ್ಲ. ಆದರೆ ಅದು ತಟ್ಟುವುದು ಸುದ್ದಿ ಕೇಳಿದ ಮೇಲೆ. ಕೇಳದಿದ್ದರೆ ಇಲ್ಲ. ದೂರ ದೇಶದಲ್ಲಿದ್ದವರಿಗೆ ತಿಂಗಳುಗಟ್ಟಲೆ ಸುದ್ದಿ ಮುಟ್ಟದೆ, ಮುಟ್ಟಿದ ದಿನ ಸ್ನಾನ ಮಾಡಿ ಕೈ ತೊಳೆದುಕೊಂಡದ್ದನ್ನು ನಾವೆಲ್ಲ ನೋಡಿದ್ದೇವೆ.

ಮೈದುನರ ಹೆಂಡತಿ ಅಡಿಗೆಮನೆಗೆ ಬಂದರು. ಗಂಡನ ಮಾತಿನ ದನಿ ಸಣ್ಣದು, ಅತ್ತೆಯ ಕಿವಿ ಮಂದ. ಅವರು ನನ್ನ ಮುಖ ನೋಡಿ, ಆಮೇಲೆ ಅತ್ತೆಯ ಎಡಗಿವಿಯ ಹತ್ತಿರ ಕೂತು, ಬಹಳ ಮೆಲ್ಲಗೆ ಹೇಳಿದರು:

"ಅಕ್ಕಾ, ನಿಮಗ ಕೇಳ್ಸಿಲ್ಲ. ತಿಳೀತೇನು? ನಿಮ್ಮ ಕಿವಿ ಹ್ಯಾಂಗೂ ಸರಿ ಇಲ್ಲ. ನಾಳೆ ಗಟ್ಟಿಯಾಗಿ ಹೇಳ್ತೀವಿ. ಇವತ್ತು ನೀವು ಹೋಗಿ ಬರ್ರಿ."

ಅತ್ತೆ ಈಳಿಗೆಯನ್ನು ಮಡಿಸಿ ಪಕ್ಕಕ್ಕಿಟ್ಟಳು.

"ಕೇಳ್ಸಿತವ್ವಾ. ಸುಡುಗಾಡು ಕಿವಿ, ಇದೊಂದು ನೆಟ್ಟಗ ಕೇಳ್ಸಿತು." ಆಮೇಲೆ, "ಆ ಕಾಕಾನ ಮಾರಿ ನಾ ನೋಡಿದ್ದು ಒಂದೇ ಸಲ. ನನ್ನ ಮದಿವ್ಯಾಗ ಸಾರಿಗೆ ಉಪ್ಪಿಲ್ಲಂತ ಎಲಿ ಬಿಟ್ಟು ಎದ್ದಿದ್ದ. ಈಗರೆ ಸಮಾಧಾನ ಆಗಿರಬೇಕು."

ನಕ್ಕಳು. ಬಾವಿಕಟ್ಟೆಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡಳು. ಕೊಡದ ಮೇಲೆ ಕೊಡ. ಮೈದುನರ ಹೆಂಡತಿ ಗಂಡನ ಮೇಲೆ ರೇಗಿದರು: "ಆ ಕಾರ್ಡು ನಾಕು ತಾಸು ನಿಮ್ಮ ಅಂಗಿ ಕಿಸೇದಾಗ ಇದ್ದಿದ್ರ ಯಾರು ಸಾಯ್ತಿದ್ರು?" ಮೈದುನರನ್ನು ನಾನು ದೂರಲಾರೆ. ಅವರ ಮನೆಯಲ್ಲೂ ಆ ವರ್ಷ ರಾಮನಿಗೆ ನೈವೇದ್ಯವಾಗಲಿಲ್ಲ. ಪಾನಕದ ಪಾತ್ರೆಯನ್ನು ಅವರೇ ಹೊತ್ತೊಯ್ದು ಬೀದಿಯ ಗೋವಿನ ಮುಂದಿಟ್ಟರು.

ಗೆಳತಿಯ ಮನೆಯಲ್ಲಿದ್ದಿದ್ದರೆ ಆ ಕಾರ್ಡು ನಮ್ಮನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ನೀರು ಸುರಿಯುವ ಸದ್ದು ನಿಲ್ಲುವ ಮೊದಲೇ ನಾನು ಅದನ್ನು ಲೆಕ್ಕ ಹಾಕಿಯಾಗಿತ್ತು. ಸೇಡಮಿಗೆ ಮರಳಿದ ಮೇಲೆ ಅಪ್ಪನ ಕೈಯಿಂದ ಸುದ್ದಿ ಸಿಗುತ್ತಿತ್ತು. ಅಷ್ಟರಲ್ಲಿ ಅವಳು ಕೇಳಬೇಕಾದ್ದನ್ನು ಕೇಳಿರುತ್ತಿದ್ದಳು.

"ಅತ್ಯಾ," ಅಂದೆ, "ಸಭಾಕ್ಕ ಬ್ಯಾಡ. ಗೆಳತಿ ಮನಿ ಅಂಗಳದಾಗ ದೂರ ಕೂಡೂಣ. ಗೋಡಿ ಆಚೆಯಿಂದ ಕೇಳ್ತದ."

"ಮಂದಿ ಮನೀಗೆ ಸೂತಕ ಹೊತ್ಕೊಂಡು ಹೋಗ್ಲೇನು? ಅವರು ಅಷ್ಟು ಪ್ರೀತಿಲೇ ಕರದಾರ." ಒದ್ದೆ ಸೀರೆ ಹಿಂಡುತ್ತ ಅವಳು ನನ್ನ ಕಡೆ ನೋಡಲಿಲ್ಲ. "ನಿನಗ ಸೂತಕ ಇಲ್ಲ. ನೀ ಮಿಂದು ಹೋಗು. ನಿನ್ನ ಕಿವೀಲೆ ನಾ ಕೇಳ್ತೀನಿ. ಅಂವ ಹ್ಯಾಂಗ ಶುರು ಮಾಡ್ದ, ಎಲ್ಲಿ ನಿಂತ, ಹೇಳು ಮತ್ತ. ಮಕ್ಕೊಂಡಿ ಅಂದ್ರ ನೋಡು."

ನಾನು ಹೋಗಬಾರದಿತ್ತು ಎಂದು ಈಗ ಅನಿಸುತ್ತದೆ. ಆಗ ಅವಳ ಮುಂದೆ ಕೂರುವುದಕ್ಕಿಂತ ಹೋಗುವುದೇ ಸುಲಭವಾಗಿತ್ತು. ಮೂರು ಗಂಟೆಗೆ ಬಂದ ಟಾಂಗಾದಲ್ಲಿ ನಾನೊಬ್ಬಳೇ ಹೋದೆ.

ಚಿಕ್ಕಿನ ಹಿಂದೆ ಗೆಳತಿ ನನಗಾಗಿ ಜಾಗ ಹಿಡಿದಿದ್ದಳು. ಇಬ್ಬರು ಕೂರುವಷ್ಟು ಜಾಗ. "ನಿಮ್ಮ ಅತ್ತೆ ಎಲ್ಲಿ?" ಎಂದು ಉರ್ದುವಿನಲ್ಲಿ ಕೇಳಿದಳು. ಹೇಳಿದೆ. ಅವಳು ಹಿಡಿದಿಟ್ಟ ಜಾಗದತ್ತ ನೋಡಿದಳು. ಆಮೇಲೆ, "ನಿನ್ನ ಪತ್ರ ಬರುವ ಮೊದಲೇ ಅಮ್ಮ ಆ ಬಾವಿಗೆ ಹೊಸ ಹಗ್ಗ ಹಾಕಿಸಿದ್ದಳು. ನಮ್ಮ ಅಜ್ಜಿಯೂ ವಿಧವೆಯೇ. ಇಪ್ಪತ್ತು ವರ್ಷ ಆ ಕೋಣೆಯಲ್ಲಿ ತಾನೇ ಬೇಯಿಸಿಕೊಂಡು ಉಂಡಳು. ಬೋಳಿಸಿದ ತಲೆ ನಮ್ಮ ಮನೆಯವರಿಗೆ ಹೊಸದಲ್ಲ," ಅಂದಳು. ನಾನು ಹೇಳದೆ ಇದ್ದದ್ದನ್ನು ಅವಳು ಹೇಗೆ ತಿಳಿದಳೋ ನಾನು ಕೇಳಲಿಲ್ಲ.

ಗವಾಯಿ ಹಾಡಿದರು. ಎರಡೂವರೆ ತಾಸು. ಪರದೆಯ ಸಂದಿಯಿಂದ ಅವರ ಕೈ, ಜರತಾರಿ ರುಮಾಲು, ಹಿಂದೆ ಕೂತ ಇಬ್ಬರ ತಂಬೂರಿಗಳು ಕಾಣುತ್ತಿದ್ದವು. ನಾನು ಎಲ್ಲವನ್ನೂ ನೆನಪಿಟ್ಟುಕೊಳ್ಳಲು ನೋಡಿದೆ. ಪರೀಕ್ಷೆಗೆ ಓದುವಂತೆ ಕೇಳಿದೆ. ಮೊದಲು ಬಹಳ ನಿಧಾನ, ಆಮೇಲೆ ತಬಲಾ ಸೇರಿತು, ಆಮೇಲೆ ಜೋರಾಯಿತು, ಜನ ವಾಹವಾ ಅಂದರು. ನನ್ನ ಪಕ್ಕದ ಮುದುಕಿಯೊಬ್ಬಳು ಕಣ್ಣು ಮುಚ್ಚಿ ಅಳುತ್ತಿದ್ದಳು. ಯಾಕೆ ಅಳುತ್ತಿದ್ದಾಳೆ ಎಂಬುದು ನನಗೆ ತಿಳಿಯಲಿಲ್ಲ. ಅತ್ತೆಗೆ ತಿಳಿಯುತ್ತಿತ್ತು.

ಕತ್ತಲಾದ ಮೇಲೆ ಶಾಲಿಬಂಡೆಗೆ ಮರಳಿದೆ. ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನಾನು ಅವಳನ್ನು ಮುಟ್ಟದಷ್ಟು ದೂರ, ಎಡಗಿವಿಯ ಕಡೆಗೆ ಕೂತೆ.

"ಹೇಳು. ಮೊದಲು ಯಾವ ಚೀಜು ಹಾಡಲಿಕ್ಕೆ ತಗೊಂಡ?"

"ರಾಮನ ಹಾಡು. ಹಿಂದುಸ್ತಾನಿಯೊಳಗ."

"ಅದಲ್ಲ. ಯಾವ ರಾಗ?"

"ಗೊತ್ತಿಲ್ಲ ಅತ್ಯಾ."

"ಗುನುಗು. ಒಂದು ಸಾಲು ಸಾಕು, ನಾ ಹಿಡೀತೀನಿ."

ಗುನುಗಲು ನೋಡಿದೆ. ನನ್ನ ಗಂಟಲಿನಿಂದ ಬಂದದ್ದು ಯಾವ ರಾಗವೂ ಆಗಿರಲಿಲ್ಲ. ಅವಳು ಎಡಗಿವಿಗೆ ಅಂಗೈ ಅಡ್ಡ ಹಿಡಿದು ನನ್ನ ಕಡೆ ಬಾಗಿದಳು. ಮತ್ತೊಮ್ಮೆ ಗುನುಗಿದೆ. ಮೂರನೆಯ ಸಲ ಗುನುಗಿದೆ.

"ಹಾಡ್ಯಾನೇನು, ಇಲ್ಲಾ ಜಾನುವಾರ ಕರದಾನೇನು?" ಅಂದಳು.

ಇಬ್ಬರೂ ನಕ್ಕೆವು. ಅವಳು ಮೊದಲು ನಿಲ್ಲಿಸಿದಳು. "ಇರಲಿ ಬಿಡು. ರುಮಾಲು ಯಾವ ಬಣ್ಣದ್ದು ಅದನ್ನರೆ ಹೇಳು." ಹೇಳಿದೆ. ತಂಬೂರಿ ಎಷ್ಟು, ತಬಲಾದವನು ಹುಡುಗನೋ ಮುದುಕನೋ, ಎಲ್ಲ ಕೇಳಿದಳು, ಎಲ್ಲ ಹೇಳಿದೆ. ಕೊನೆಗೆ ಅವಳು ಚಾಪೆಯ ಮೇಲೆ ಎಡಮಗ್ಗುಲಾಗಿ, ಕೇಳಿಸುವ ಕಿವಿಯನ್ನು ಕೆಳಗೆ ಮಾಡಿ ಮಲಗಿಕೊಂಡಳು. ನಾನು ಏನೋ ಅಂದೆ. ಅವಳು ತಿರುಗಲಿಲ್ಲ.

ಡಾಕ್ಟರು ಹೇಳಿದ ವರ್ಷ ತುಂಬುವುದಕ್ಕೂ ಮೊದಲೇ, ಆ ದೀಪಾವಳಿಯ ಹೊತ್ತಿಗೆ, ಎಡಗಿವಿಯೂ ಹೋಯಿತು. ಮರುವರ್ಷದ ರಾಮನವಮಿಗೆ ಹೈದರಾಬಾದಿನ ಗಾಡಿ ಹತ್ತುವ ಧೈರ್ಯ ಯಾರಿಗೂ ಇರಲಿಲ್ಲ. ರಜಾಕಾರರ ಹೆದರಿಕೆಗೆ ಹಾಸುಗಲ್ಲಿನ ವ್ಯಾಪಾರಿ ಮನೆಗೆ ಬೀಗ ಹಾಕಿ ಗಡಿ ದಾಟಿ ಸೊಲ್ಲಾಪುರಕ್ಕೆ ಹೋದರು. ಗೆಳತಿಯ ಪತ್ರಗಳು ನಿಂತವು, ಅಥವಾ ನಾನು ನಿಲ್ಲಿಸಿದೆ.

ಅತ್ತೆ ಈಗಲೂ ಅಡಿಗೆ ಮಾಡುತ್ತಾಳೆ. ಒಗ್ಗರಣೆ ಸಿಡಿದದ್ದು ಕೇಳಿಸದೆ ಎರಡು ಸಲ ಕೈ ಸುಟ್ಟುಕೊಂಡಿದ್ದಾಳೆ. ಹತ್ತಿ ಹೊಸೆಯುವಾಗ ಮೊದಲಿನಂತೆ ಏನೋ ಗುನುಗುತ್ತಾಳೆ. ಸ್ವರ ಜಾರುತ್ತಿದೆ ಎಂದು ಅಪ್ಪ ಹೇಳುತ್ತಾರೆ. ಹೋದ ವಾರ ಅವಳು ಹಾಗೆ ಕೂತಿದ್ದಾಗ ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಗಟ್ಟಿಯಾಗಿಯೇ ಹೇಳಿದೆ. ಆ ಬಾವಿಯನ್ನು ನಾನು ನೋಡಿರಲಿಲ್ಲ ಎಂಬುದನ್ನು, ದಿವಾನಖಾನೆಯ ಬಾಗಿಲಲ್ಲಿ ಅವಳು ನಿಲ್ಲುವುದು ನನಗೆ ಬೇಡವಾಗಿತ್ತು ಎಂಬುದನ್ನು. ಅವಳು ನನ್ನ ತುಟಿಗಳನ್ನು ನೋಡಿ ನಕ್ಕು, "ಹೂಂ, ಹೂಂ, ಇನ್ನ ಹತ್ತಿ ಅದ," ಅಂದಳು.

ಅದನ್ನು ಹೇಳಿದ್ದು ಎಂದು ನಾನು ಎಣಿಸುವುದಿಲ್ಲ. ಕೇಳುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ಅತ್ತೆಗೆ ಓದಲು ಬರುತ್ತದೆ. ನಿಧಾನವಾಗಿ, ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಾಳೆ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಅವಳ ಕೈಗೆ ಕೊಟ್ಟರೆ ಆಯಿತು. ಕೊಟ್ಟಿಲ್ಲ.